ಜನರಲ್ ಕಬ್ಬನ್‌ರನ್ನು ‘ದಳವಾಯಿ’ ಅನ್ನಬಹುದೇ?

ಗೆಳೆಯರೇ, ನಮಸ್ಕಾರ.

ಹೈಸ್ಕೂಲ್ ಮಕ್ಕಳಿಗಾಗಿ, ಬ್ರಿಟಿಷರ ಕಾಲದಲ್ಲಿ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಬಗ್ಗೆ ಒಂದು ಪುಟ್ಟ ಲೇಖನ ಸಿದ್ಧವಾಗುತ್ತಿದೆ. ಕರಡು ತಿದ್ದುವ ಕೆಲಸ ನನ್ನದು. ಕರಡಿನಲ್ಲಿ ಒಂದು ಕಡೆ ಅವರು ‘ದಂಡನಾಯಕ ಕಬ್ಬನ್’, ಇನ್ನೊಂದು ಕಡೆ ‘ದಳವಾಯಿ’, ಕೊನೆಯಲ್ಲಿ ‘ಆಯುಕ್ತ’. ಮೂರೂ ಕನ್ನಡಕ್ಕೆ ಹೊಸವಲ್ಲ. ಆದರೆ ಈ ಮನುಷ್ಯನಿಗೆ ಮೂರೂ ಹೊಂದುವುದಿಲ್ಲ ಎಂಬುದು ನನ್ನ ಅನಿಸಿಕೆ. ಯಾಕೆ ಅಂತ ಬರೆಯುತ್ತೇನೆ, ನಿಮ್ಮ ಮಾತೂ ಬೇಕು.

ಕಬ್ಬನ್ ಐಲ್ ಆಫ್ ಮ್ಯಾನ್ ದ್ವೀಪದವರು. 1800ರಲ್ಲಿ ಮದ್ರಾಸ್ ಸೈನ್ಯದ ಕೆಡೆಟ್ ಆಗಿ ಬಂದರು. ಮೈಸೂರಿನ ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್ ಇವರ ಸೋದರಮಾವ. ಸೈನ್ಯದಲ್ಲಿ ಇವರ ಹೆಸರು ನಿಂತಿದ್ದು ಕಮಿಸರಿಯಟ್ ವಿಭಾಗದಲ್ಲಿ. ಅಂದರೆ ದಂಡಿಗೆ ಅಕ್ಕಿ, ಎತ್ತು, ಮೇವು ಒದಗಿಸುವ ಕೆಲಸ. ನಗರ ಸೀಮೆಯ (ಶಿವಮೊಗ್ಗ ಕಡೆಯ) ದಂಗೆ ಆದಮೇಲೆ 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತವನ್ನು ಈಸ್ಟ್ ಇಂಡಿಯಾ ಕಂಪನಿ ಕಿತ್ತುಕೊಂಡಿತಲ್ಲ, ಆ ದಂಗೆಯ ವಿಚಾರಣೆಗೆ ಒಂದು ಸಮಿತಿ ಕೂತಿತು. ಅದರಲ್ಲಿ ಇವರೂ ಇದ್ದರು, ಆಗ ಲೆಫ್ಟಿನೆಂಟ್ ಕರ್ನಲ್. 1834ರಲ್ಲಿ ಕಮಿಷನರ್ ಆದರು. 1861ರವರೆಗೆ ಅದೇ ಹುದ್ದೆ. ಊರಿಗೆ ಹೊರಟವರು ದಾರಿಯಲ್ಲಿ ಸೂಯೆಜ್‌ನಲ್ಲಿ ತೀರಿಕೊಂಡರು. ಲೆಫ್ಟಿನೆಂಟ್ ಜನರಲ್ ಎಂಬ ದರ್ಜೆ ಸಿಕ್ಕಿದ್ದು ಕಚೇರಿಯ ಮೇಜಿನ ಮುಂದೆ ಕೂತಿದ್ದ ಕಾಲದಲ್ಲೇ.

ಈಗ ಪದಗಳಿಗೆ ಬರೋಣ. ‘ದಂಡನಾಯಕ’ ಅಂದ ತಕ್ಷಣ ನಮಗೆ ಹೊಯ್ಸಳರ ಗಂಗರಾಜ ನೆನಪಾಗುತ್ತಾನೆ, ಚೋಳರಿಂದ ತಲಕಾಡು ಗೆದ್ದವನು. ಕಬ್ಬನ್‌ಗೆ ಅದನ್ನು ಹಾಕಿದರೆ ಮಕ್ಕಳು ಇವರೂ ಮೈಸೂರಿನಲ್ಲಿ ಯುದ್ಧ ಗೆದ್ದರು ಅಂದುಕೊಳ್ಳುತ್ತಾರೆ.

‘ದಳವಾಯಿ’ ಇನ್ನೂ ಜಟಿಲ. ಕರಡು ಬರೆದ ಗೆಳೆಯರ ವಾದ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಕಳಲೆ ಮನೆತನದ ದಳವಾಯಿಗಳು (ಸೇನಾಪತಿಗಳು) ಮೈಸೂರು ಅರಸರ ಹೆಸರಿನಲ್ಲಿ ತಾವೇ ರಾಜ್ಯ ನಡೆಸಿದರು. ಕಬ್ಬನ್ ಕಾಲದಲ್ಲೂ ಅರಸರು ಮೈಸೂರಿನ ಅರಮನೆಯಲ್ಲಿದ್ದರು, ಅಧಿಕಾರ ಬೆಂಗಳೂರಿನಲ್ಲಿತ್ತು. ಹೋಲಿಕೆ ಇದೆ, ನಿಜ. ಆದರೆ ದಳವಾಯಿ ಎಷ್ಟೇ ಬಲಶಾಲಿಯಾದರೂ ಅರಸರ ಸೇವಕ, ಅವರ ಉಪ್ಪು ತಿಂದವನು. ಕಬ್ಬನ್ ಲೆಕ್ಕ ಒಪ್ಪಿಸುತ್ತಿದ್ದದ್ದು ಕಲ್ಕತ್ತೆಯ ಗವರ್ನರ್ ಜನರಲ್‌ಗೆ. ಈ ವ್ಯತ್ಯಾಸ ಅಳಿಸಿಹೋದರೆ 1831ರಿಂದ 1881ರವರೆಗೆ ಬ್ರಿಟಿಷರು ಮೈಸೂರನ್ನು ನೇರವಾಗಿ ಆಳಿದ ಐವತ್ತು ವರ್ಷಗಳ ಅರ್ಥವೇ ಕೆಟ್ಟುಹೋಗುತ್ತದೆ. ಮಕ್ಕಳ ಲೇಖನದಲ್ಲಂತೂ ಇದು ಆಗಲೇಬಾರದು.

‘ಜನರಲ್’ ಅಂತಲೇ ಇಟ್ಟರೆ ಏನು ತೊಂದರೆ? ಕೊಡಗಿನ ತಿಮ್ಮಯ್ಯನವರನ್ನು ನಾವೆಲ್ಲ ಜನರಲ್ ತಿಮ್ಮಯ್ಯ ಅಂತಲೇ ಕರೆಯುತ್ತೇವೆ. ಕಾರ್ಯಪ್ಪನವರು ಫೀಲ್ಡ್ ಮಾರ್ಷಲ್. ಯಾರಿಗೂ ಅದು ಪರಕೀಯ ಅನಿಸಿಲ್ಲ. ‘ಕಮಿಷನರ್’ ಕೂಡ ಹಾಗೇ ಇರಲಿ. ‘ಆಯುಕ್ತ’ ಅಂದರೆ ಇವತ್ತಿನ ಓದುಗರಿಗೆ ಪಾಲಿಕೆಯ ಆಯುಕ್ತರು ಕಣ್ಣಮುಂದೆ ಬರುತ್ತಾರೆ. ಕಬ್ಬನ್ ಕೈಯಲ್ಲಿದ್ದದ್ದು ಇಡೀ ಮೈಸೂರು ಸೀಮೆ. 769 ಚಿಲ್ಲರೆ ತೆರಿಗೆಗಳು ರದ್ದಾದದ್ದು ಇವರ ಆಡಳಿತದಲ್ಲಿ. ಮದುವೆಗೆ, ಮಗು ಹುಟ್ಟಿದ್ದಕ್ಕೆ, ಹೆಸರಿಟ್ಟಿದ್ದಕ್ಕೆ, ತಲೆ ಬೋಳಿಸಿದ್ದಕ್ಕೆ ಎಲ್ಲಕ್ಕೂ ತೆರಿಗೆ ಇತ್ತು. ಒಂದು ಹಳ್ಳಿಯವರಂತೂ ತಮ್ಮ ಹಿರಿಯರು ಪಾಳೆಗಾರನ ಕಳೆದುಹೋದ ಕುದುರೆಯನ್ನು ಹುಡುಕಿಕೊಡಲಿಲ್ಲ ಅನ್ನೋ ಕಾರಣಕ್ಕೆ ದುಡ್ಡು ಕಟ್ಟುತ್ತಿದ್ದರು. ಲೇಖನದಲ್ಲಿ ಈ ಭಾಗ ದೊಡ್ಡದಾಗಿಯೇ ಇರಲಿ ಎಂದು ಹಟ ಹಿಡಿದಿದ್ದೇನೆ.

ಕಮಿಸರಿಯಟ್‌ಗೆ ಮಾತ್ರ ಕನ್ನಡ ಬೇಕು. ಬೆಂಗಳೂರಿನಲ್ಲಿ ಕಮಿಸರಿಯಟ್ ರಸ್ತೆ ಇದ್ದರೂ ಆ ಪದದ ಅರ್ಥ ಹೇಳುವವರು ಕಡಿಮೆ. ‘ದಂಡಿನ ಸರಬರಾಜು’ ಅಂತ ಬರೆಯೋಣ ಅಂದುಕೊಂಡಿದ್ದೇನೆ. ಆದರೆ ‘ದಂಡು’ ಬೆಂಗಳೂರಿನವರಿಗೆ ಕಂಟೋನ್ಮೆಂಟ್ ಕೂಡ ಹೌದು. ರೈಲು ನಿಲ್ದಾಣದ ಬೋರ್ಡಿನಲ್ಲೇ ‘ಬೆಂಗಳೂರು ದಂಡು’ ಅಂತಿದೆ. ಹಾಗಾಗಿ ‘ಸೈನ್ಯದ ಸರಬರಾಜು’ ವಾಸಿಯೇನೋ.

ಇದನ್ನೆಲ್ಲ ನೋಡುವಾಗ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಕಬ್ಬನ್ ಬರುವ ಮುಂಚೆ ಮೈಸೂರು ಫೌಜುದಾರಿ ಎಂಬ ಆರು ಆಡಳಿತ ವಿಭಾಗಗಳಾಗಿತ್ತು. ಅವುಗಳ ಜಾಗದಲ್ಲಿ ಬೆಂಗಳೂರು, ಚಿತ್ರದುರ್ಗ, ಅಷ್ಟಗ್ರಾಮ, ನಗರ ಎಂಬ ನಾಲ್ಕು ವಿಭಾಗಗಳು ಬಂದವು. ಫೌಜು ಅಂದರೆ ಸೈನ್ಯ. ಅದರ ಹೆಸರು ಹೊತ್ತ ಫೌಜುದಾರ ಆಡಳಿತದ ಅಧಿಕಾರಿಯಾದ. ಉತ್ತರ ಕರ್ನಾಟಕದಲ್ಲಿ ಪೊಲೀಸ್ ಸಬ್ ಇನ್ಸ್‌ಪೆಕ್ಟರೂ ಫೌಜದಾರನೇ. ಕೋರ್ಟಿನಲ್ಲಿ ‘ಫೌಜುದಾರಿ ಮೊಕದ್ದಮೆ’ ಎಂಬ ಮಾತು ಇವತ್ತಿಗೂ ಇದೆ. ದಫೇದಾರ ಕುದುರೆ ಪಡೆಯ ದರ್ಜೆ, ಈಗ ಸಾಹೇಬರ ಕಚೇರಿಯ ಬಾಗಿಲಲ್ಲಿ ನಿಲ್ಲುವವನು. ಸಿಬ್ಬಂದಿ ಕೂಡ ಹಿಂದೆ ಕಂದಾಯ ವಸೂಲಿಗೆ, ಕಾವಲಿಗೆ ಇಟ್ಟುಕೊಂಡ ಬಿಡಿ ಸೈನಿಕರು, ಈಗ ಬ್ಯಾಂಕಿನಲ್ಲೂ ಸಿಬ್ಬಂದಿಯೇ. ಸೈನ್ಯದ ಮಾತು ಕಚೇರಿಗೆ ಬಂದು ನೆಲೆಸಿದೆ. ಕಮಿಸರಿಯಟ್‌ನಿಂದ ಕಮಿಷನರ್ ಆದ ಕಬ್ಬನ್ ಬದುಕೂ ಅದೇ ದಾರಿ ಹಿಡಿಯಿತು, ಅಲ್ವಾ? ಅದಕ್ಕೇ ಲೇಖನದಲ್ಲಿ ‘ಸೈನ್ಯದ ಅಧಿಕಾರಿ’ ಎಂದು ಶುರುಮಾಡಿ, 1834ರ ನಂತರ ‘ಕಮಿಷನರ್’ ಎಂದು ಬರೆಯುವುದು ಸರಿ ಅಂತ ನನಗೆ ತೋರುತ್ತದೆ.

ಅಠಾರಾ ಕಚೇರಿಯ (ಬೆಂಗಳೂರಿನ ಈಗಿನ ಹೈಕೋರ್ಟ್ ಕಟ್ಟಡ) ಬಗ್ಗೆಯೂ ಒಂದು ಮಾತು. ‘ಅಟ್ಟಾರ’ ಅಂತ ಬರೆಯುವುದು ಬಳಕೆಯಲ್ಲಿ ಗಟ್ಟಿಯಾಗಿದೆ. ಮೂಲ ಹಿಂದೂಸ್ತಾನಿಯ ‘ಅಠಾರಾ’, ಅಂದರೆ ಹದಿನೆಂಟು; ಹದಿನೆಂಟು ಇಲಾಖೆಗಳ ಕಚೇರಿ ಎಂಬ ಅರ್ಥದಲ್ಲಿ. ಕರಡಿನಲ್ಲಿ ಆ ಕೆಂಪು ಕಟ್ಟಡವನ್ನು ಕಬ್ಬನ್ ಕಟ್ಟಿಸಿದರು ಅಂತಿತ್ತು, ತೆಗೆದುಹಾಕಿದೆ. ಅದು ಮುಗಿದದ್ದು 1868ರಲ್ಲಿ, ಕಬ್ಬನ್ ಪಾರ್ಕು ಆದದ್ದು 1870ರಲ್ಲಿ. ಎರಡೂ ಅವರು ಹೋದಮೇಲಿನವು. ಅವರು ಕಟ್ಟಿಸಿದ್ದು ಈಗಿನ ರಾಜಭವನ, 1840–42ರಲ್ಲಿ.

ನನ್ನ ಪ್ರಶ್ನೆ ಎರಡು. ಮಕ್ಕಳ ಲೇಖನದಲ್ಲಿ ‘ಅಠಾರಾ’ ಬಳಸಲೋ, ಎಲ್ಲರ ಬಾಯಲ್ಲಿರುವ ‘ಅಟ್ಟಾರ’ ಉಳಿಸಲೋ? ಮತ್ತೆ, ದಂಡಿಗೆ ದವಸ, ಮೇವು ಒದಗಿಸುವ ಕೆಲಸಕ್ಕೆ ನಿಮ್ಮ ಕಡೆ ಹಳಬರು ಹೇಳುತ್ತಿದ್ದ ಮಾತು ಯಾವುದಾದರೂ ಇದೆಯೇ? ಶಿವಮೊಗ್ಗ, ಚಿತ್ರದುರ್ಗ, ಹುಣಸೂರು ಕಡೆಯವರು ದಯವಿಟ್ಟು ಬರೆಯಿರಿ.