ಅಪ್‌ಡೇಟ್: ಥೈರಾಯ್ಡ್ ಇದ್ದರೂ ತೂಕ ಇಳಿಯುತ್ತಿದೆ

ಥೈರಾಯ್ಡ್ ಹಾರ್ಮೋನ್ ಕಡಿಮೆ ಇದೆ, ಅನ್ನ ಬಿಟ್ಟರೂ ತೂಕ ಇಳಿಯುತ್ತಿಲ್ಲ, ಏನು ಮಾಡಲಿ ಅಂತ ವಿಜಯಪುರದಿಂದ ಹಿಂದೆ ಇಲ್ಲಿ ಕೇಳಿದ್ದೆ, ಈಗ ನಿಧಾನಕ್ಕೆ ಇಳಿಯುತ್ತಿದೆ. ಕೆಲಸಕ್ಕೆ ಬಂದದ್ದು ಅದಕ್ಕೆ ಉತ್ತರವಾಗಿ ಬಾಗಲಕೋಟೆಯ ಅಕ್ಕ ಒಬ್ಬರು ಕೊಟ್ಟ ಸಲಹೆ: ರೊಟ್ಟಿ ಬಿಡಬೇಡಿ, ಪಲ್ಯ ಜಾಸ್ತಿ ಮಾಡಿ. ಊಟಕ್ಕೆ 2 ಜೋಳದ ರೊಟ್ಟಿ, ಹೆಸರುಕಾಳು ಪಲ್ಯ, ಹಸಿ ಮೆಂತ್ಯ ಸೊಪ್ಪು, ಸೌತೆಕಾಯಿ, ಮೊಸರು. ಶೇಂಗಾ ಚಟ್ನಿ ಒಂದೇ ಚಮಚ, ಶೇಂಗಾದಲ್ಲಿ ಎಣ್ಣೆ ಜಾಸ್ತಿ ಅಲ್ವಾ. ಜೀರಿಗೆ ನೀರಿನಿಂದ ಏನೂ ಆಗಲಿಲ್ಲ. ರಾತ್ರಿ ಉಪವಾಸದಿಂದ ಸುಸ್ತಾಯಿತು, ಅಷ್ಟೇ.

ಡಾಕ್ಟರ್ ಹೇಳಿದ್ದು ನನಗೆ ಹೊಸದು. ಥೈರಾಯ್ಡ್‌ನಿಂದ ಏರುವ ತೂಕದಲ್ಲಿ ಬಹುಪಾಲು ಮೈಯಲ್ಲಿ ನಿಲ್ಲುವ ಉಪ್ಪು, ನೀರಿನದಂತೆ. ಥೈರಾಯ್ಡ್ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ ತೆಗೆದುಕೊಳ್ಳಬೇಕು, ಚಹಾ ಅರ್ಧದಿಂದ ಒಂದು ತಾಸಿನ ನಂತರ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿದ್ದರೆ 4 ತಾಸು ಅಂತರ ಇರಲಿ. ಡೋಸ್ ಬದಲಾದರೆ 6ರಿಂದ 8 ವಾರಕ್ಕೆ ಟಿಎಸ್‌ಎಚ್ (ಥೈರಾಯ್ಡ್ ರಕ್ತ ಪರೀಕ್ಷೆ) ಮತ್ತೆ ಮಾಡಿಸಿ.