ಹಾಲು-ಬಿಸ್ಕಿಟ್ ಬಿಟ್ಟು ಏನೂ ಬೇಡ ಅನ್ನುವ ಮಗ

ಪ್ರಶ್ನೆ (ನವನಗರ, ಬಾಗಲಕೋಟೆ): ನಮಸ್ಕಾರ್ರೀ ಮೇಡಂ. ನನ್ನ ಮಗನಿಗೆ ಮೂರೂವರೆ ವರ್ಷ, ತೂಕ 14 ಕೆಜಿ. ಎದ್ದ ಕೂಡಲೇ ಹಾಲು-ಬಿಸ್ಕಿಟ್ ಬೇಕು, ಹನ್ನೊಂದಕ್ಕೆ ಕುರುಕಲು ಪಾಕೀಟು, ಮಧ್ಯಾಹ್ನ ಮೊಬೈಲ್ ಹಚ್ಚಿಕೊಟ್ಟರೆ ನಾಲ್ಕು ತುತ್ತು ಮೊಸರನ್ನ, ರಾತ್ರಿ ಮತ್ತೆ ಹಾಲು. ರೊಟ್ಟಿ-ಪಲ್ಯ ಹಾಕಿದರೆ ತಾಟನ್ನೇ ದೂಡುತ್ತಾನೆ. ಕೂಸು ಸೊರಗುತ್ತದೆ ಅಂತ ನಮ್ಮ ಅತ್ತೆ ಮತ್ತೆ ಬಿಸ್ಕಿಟ್ ಪುಡಿಕೆ ಬಿಚ್ಚುತ್ತಾರೆ. ಹಸಿವಾಗೋ ಟಾನಿಕ್ ಏನಾದರೂ ಹೇಳ್ತೀರಾ?

ಉತ್ತರ (ಮಕ್ಕಳ ಆಹಾರ ಸಲಹೆಗಾರ್ತಿ, ವಿಜಯಪುರ): ಟಾನಿಕ್ ಬೇಡ ತಂಗಿ. ಈ ವಯಸ್ಸಿಗೆ 15 ಕೆಜಿ ಆಸುಪಾಸು ಅಂತಾರೆ, 14 ಅಂದರೆ ಗಾಬರಿ ಆಗುವಂಥದ್ದಲ್ಲ. ಮೊದಲ ವರ್ಷ ಮಗುವಿನ ತೂಕ ಮೂರು ಪಟ್ಟು ಆಗುತ್ತದೆ, ಎರಡು ದಾಟಿದ ಮೇಲೆ ವರ್ಷಕ್ಕೆ 2 ಕೆಜಿ ಏರಿದರೆ ದೊಡ್ಡದು. ಬೆಳವಣಿಗೆ ನಿಧಾನ ಆದಾಗ ಹಸಿವೂ ಕಡಿಮೆ ಆಗುತ್ತದೆ, ಅದು ರೋಗ ಅಲ್ಲ.

ಇರೋ ಅಷ್ಟು ಹಸಿವನ್ನೂ ಹಾಲು-ಬಿಸ್ಕಿಟ್ ತಿಂದು ಹಾಕ್ತಾ ಇವೆ, ಅಲ್ವಾ? ಹಾಲು ದಿನಕ್ಕೆ 400 ಮಿಲಿ ಸಾಕು, ಅದೂ ಊಟ ಆದ ಮೇಲೆ. ಹಾಲಿನಲ್ಲಿ ಕಬ್ಬಿಣದ ಅಂಶ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಲೀಟರುಗಟ್ಟಲೆ ಕುಡಿದ ಮಕ್ಕಳಲ್ಲೇ ರಕ್ತಹೀನತೆ ಜಾಸ್ತಿ ನೋಡ್ತೀವಿ. ಊಟ, ತಿಂಡಿ ಎಲ್ಲ ಸೇರಿ ದಿನಕ್ಕೆ ಐದು ಹೊತ್ತು ಮಾಡಿ, ನಡುವೆ ನೀರು ಮಾತ್ರ. ಏನು ಹಾಕಬೇಕು, ಯಾವಾಗ ಹಾಕಬೇಕು ಅನ್ನೋದು ನಿಮ್ಮ ಕೈಯಲ್ಲಿರಲಿ. ಎಷ್ಟು ತಿನ್ನಬೇಕು ಅನ್ನೋದು ಅವನಿಗೆ ಬಿಡಿ. ಬಾಯಿಗೆ ತುರುಕಬೇಡಿ, ಮೊಬೈಲ್ ಬೇಡ. ಮೊದಲ ನಾಲ್ಕು ದಿನ ಅಳ್ತಾನೆ, ಅತ್ತೆಯವರ ಕೈಗೆ ಬಿಸ್ಕಿಟ್ ಸಿಗದ ಹಾಗೆ ಮಾಡಿ. (ಅದೇ ಕಷ್ಟದ ಕೆಲಸ, ಗೊತ್ತು.)

ಕುರುಕಲೇ ಬೇಕು ಅಂದರೆ ನಮ್ಮ ಕಟಕ ರೊಟ್ಟಿ ಇದೆಯಲ್ಲ! ಮುರಿದು ಕೊಡಿ, ಜೊತೆಗೆ ಮೊಸರಿನಲ್ಲಿ ಕಲಸಿದ ಶೇಂಗಾ ಹಿಂಡಿ (ಚಟ್ನಿಪುಡಿ), ಖಾರ ಕಡಿಮೆ ಇರಲಿ. ಇನ್ನೊಂದು, ನೀವು ರೊಟ್ಟಿ ಬಡಿಯುವಾಗ ಅವನನ್ನು ಬೆಂಕಿಗೆ ದೂರ, ಪಕ್ಕಕ್ಕೆ ಕೂರಿಸಿಕೊಂಡು ನಿಂಬೆಹಣ್ಣಿನಷ್ಟು ಹಿಟ್ಟು ಕೈಗೆ ಕೊಡಿ. ಅವನು ಬಡಿದದ್ದು ಅಂಚು ಹರಿದಿರಲಿ, ನಡುವೆ ತೂತು ಬಿದ್ದಿರಲಿ, ಹಂಚಿಗೆ ಹಾಕಿ ಬೇಯಿಸಿ, ಬೆಣ್ಣೆ ಸವರಿ ಅವನ ತಾಟಿಗೇ ಹಾಕಿ. ಪಲ್ಯ ಖಾರ ಹಾಕುವ ಮೊದಲು ಒಂದು ಚಮಚ ಬೇರೆ ತೆಗೆದಿಡಿ. ಹೊಸ ಪಲ್ಯ ಒಪ್ಪೋಕೆ ಕೆಲವು ಮಕ್ಕಳಿಗೆ ಹತ್ತು-ಹದಿನೈದು ಸಲ ಹಾಕಬೇಕಾಗುತ್ತದೆ, ನಾವು ಮೂರನೇ ಸಲಕ್ಕೇ ಕೈಬಿಡ್ತೀವಿ.

ಇಡೀ ಶೇಂಗಾ ಕಾಳು ಮಾತ್ರ ಈಗ ಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ನಮ್ಮ ಕಡೆ ದ್ರಾಕ್ಷಿ ಬುಟ್ಟಿಗಟ್ಟಲೆ ಬರುತ್ತದೆ, ಅದನ್ನೂ ಉದ್ದಕ್ಕೆ ಸೀಳಿಯೇ ಕೊಡಿ.

ಇನ್ನೊಬ್ಬರು (ಇಂಡಿ): ಮೇಡಂ, ನಮ್ಮ ಮಗಳಿಗೆ ನಾಲ್ಕು ವರ್ಷ. ಊಟ ಬೇಡ, ಚಹಾ ಬೇಕು. ಗೋಡೆಯ ಸುಣ್ಣ ಕೆರೆದು ತಿಂತಾಳೆ. ಬೈದರೂ ಬಿಡೋದಿಲ್ಲ.

ಉತ್ತರ: ಸರ್, ಬೈಬೇಡಿ. ಇದನ್ನು ಹಟ ಅಂತ ಬಿಡಬೇಡಿ, ಈ ವಾರವೇ ಮಕ್ಕಳ ಡಾಕ್ಟರಿಗೆ ತೋರಿಸಿ ಹಿಮೋಗ್ಲೋಬಿನ್ ನೋಡಿಸಿ. ಸುಣ್ಣ, ಮಣ್ಣು ತಿನ್ನುವ ಮಕ್ಕಳಲ್ಲಿ ಎಷ್ಟೋ ಸಲ ಕಬ್ಬಿಣದ ಕೊರತೆ ಇರುತ್ತದೆ. ಅಂಗನವಾಡಿಯಲ್ಲಿ ಕೊಡೋ ಜಂತುಹುಳದ ಮಾತ್ರೆ ಆಗಿದೆಯಾ, ಅದನ್ನೂ ಹೇಳಿ. ಚಹಾ ಪೂರ್ತಿ ನಿಲ್ಲಿಸಿ, ಊಟದಲ್ಲಿರುವ ಕಬ್ಬಿಣ ಮೈಗೆ ಹತ್ತದಂತೆ ಅದು ತಡೆಯುತ್ತದೆ. ನಿಂಬೆಹುಳಿ ಅದರ ಉಲ್ಟಾ, ಹತ್ತಲು ಸಹಾಯ ಮಾಡುತ್ತದೆ. ನಿಮ್ಮೂರಲ್ಲಿ ನಿಂಬೆಗೆ ಬರ ಇಲ್ಲವಲ್ಲ, ಮೊಳಕೆ ಹೆಸರುಕಾಳು ಚೆನ್ನಾಗಿ ಬೇಯಿಸಿ ಮೇಲೆ ಹಿಂಡಿ.

ನವನಗರದವರು (ಮೂರು ವಾರದ ಮೇಲೆ): ಮೇಡಂ, ಎರಡು ದಿನ ಮನೆ ರಣರಂಗ. ಅತ್ತೆ ನನ್ನ ಜೊತೆ ಮಾತೇ ಬಿಟ್ಟಿದ್ದರು. ಈಗ ತಾನು ಬಡಿದ ರೊಟ್ಟಿ ಯಾರಿಗೂ ಕೊಡಲ್ಲ, ಅಜ್ಜಿಗೆ ಮಾತ್ರ ಒಂದು ಚೂರು. ಪಲ್ಯ ಇನ್ನೂ ಇಲ್ಲ. ನಿನ್ನೆ ಬದನೆಕಾಯಿ ಹೋಳು ಮೂಸಿ ನೋಡಿ ತಾಟಿನ ಅಂಚಿಗೆ ಇಟ್ಟ.

ಉತ್ತರ: ಮೂಸಿದ್ದೂ ಲೆಕ್ಕಕ್ಕೆ ಬಂತು. ನಾಡಿದ್ದು ಮತ್ತೊಂದು ಹೋಳು ಹಾಕಿ, ಸುಮ್ನೆ ನಿಮ್ಮ ಪಾಡಿಗೆ ನೀವು ಉಣ್ತಾ ಇರಿ.