ಮಿಡತೆಯ ಹೊಟ್ಟೆಯಿಂದ ಹುಳ ಬಂತು, ಹಳ್ಳಕ್ಕೆ ಬ್ಲೀಚಿಂಗ್ ಪೌಡರ್ ಹಾಕಲೇ?

ತೋಟಿಗ, ಶಿರಸಿ
ನಿನ್ನೆ ಸಂಜೆ ತೋಟದ ಕೆಳಗಿನ ಹಳ್ಳದಲ್ಲಿ ಕೈಕಾಲು ತೊಳೆಯುತ್ತಿದ್ದೆ. ಒಂದು ಮಿಡತೆ ತಾನಾಗಿಯೇ ನೀರಿಗೆ ಹಾರಿತು. ಅದರ ಹೊಟ್ಟೆಯಿಂದ ಕಪ್ಪು ದಾರದಂಥ ಹುಳ ಹೊರಬಂತು. ಒಂದು ಗೇಣಿಗಿಂತ ಉದ್ದ! ಹೋದ ಮಳೆಗಾಲದಲ್ಲಿ ಅಮ್ಮನಿಗೆ ವಿಪರೀತ ಸುಸ್ತು, ಮುಖ ಬಿಳಿಚಿಕೊಂಡಿತ್ತು. ಹಿಮೋಗ್ಲೋಬಿನ್ 7ಕ್ಕೆ ಇಳಿದಿತ್ತು. ಮಲ ಪರೀಕ್ಷೆಯಲ್ಲಿ ಕೊಕ್ಕೆಹುಳ ಅಂತ ಗೊತ್ತಾಯ್ತು. ಇದೇನಾ ಅದು? ಮನೆಗೆ ಅಬ್ಬಿ ನೀರು (ಇಳಿಜಾರಿನಲ್ಲಿ ತಾನಾಗಿಯೇ ಹರಿದು ಬರುವ ನೀರು) ಬರುವುದೂ ಈ ಹಳ್ಳದಿಂದಲೇ.

ಹಳ್ಳದ ದಾರಿ, ಯಲ್ಲಾಪುರ
ದಯವಿಟ್ಟು ಹಾಕಬೇಡಿ. ನೀವು ನೋಡಿದ್ದು ಕುದುರೆಕೂದಲು ಹುಳ. ಮನುಷ್ಯರ ಹೊಟ್ಟೆಯಲ್ಲಿ ಅದು ಬೆಳೆಯುವುದಿಲ್ಲ. ಮಿಡತೆಯೊಳಗೆ ದೊಡ್ಡದಾಗಿ, ಮೊಟ್ಟೆ ಇಡುವ ಹೊತ್ತಿಗೆ ಅದನ್ನು ನೀರಿನ ಕಡೆಗೆ ಓಡಿಸುತ್ತದೆ. ಬಿದ್ದ ಮಿಡತೆ ಮೀನಿಗೆ ಊಟ. ಜಪಾನಿನ ಒಂದು ತೊರೆಯಲ್ಲಿ ಟ್ರೌಟ್ ಮೀನುಗಳಿಗೆ ವರ್ಷದಲ್ಲಿ ಸಿಗುವ ಶಕ್ತಿಯ ಸುಮಾರು 60% ಹೀಗೆ ಬಿದ್ದ ಕೀಟಗಳಿಂದಲೇ ಬರುತ್ತಿತ್ತು. ಅವು ಬೀಳದಂತೆ ತಡೆದಾಗ ಮೀನುಗಳು ಪಾಚಿ ತಿನ್ನುವ ನೀರಿನ ಸಣ್ಣ ಕೀಟಗಳನ್ನೇ ಜಾಸ್ತಿ ತಿಂದವು, ಕಲ್ಲಿನ ಮೇಲೆ ಪಾಚಿ ಹೆಚ್ಚಿತು. ಒಂದು ಹುಳ ಇಡೀ ತೊರೆಯನ್ನೇ ಬದಲಿಸುತ್ತದೆ, ನೋಡಿ. ಬ್ಲೀಚಿಂಗ್ ಹಾಕಿದರೆ ಮೀನು, ಏಡಿ ಎಲ್ಲಾ ಸಾಯುತ್ತವೆ.

ನಿವೃತ್ತ ಲ್ಯಾಬ್ ಟೆಕ್ನಿಷಿಯನ್, ಕುಮಟಾ
ಅಮ್ಮನ ಹುಳ ಬಂದದ್ದು ಮಣ್ಣಿನಿಂದ. ಯಾರೋ ಬಯಲಲ್ಲಿ ಮಲವಿಸರ್ಜನೆ ಮಾಡಿದರೆ ಮೊಟ್ಟೆ ಮಣ್ಣಿಗೆ ಸೇರುತ್ತದೆ. ನೆರಳು, ತೇವ, ಸೊಪ್ಪಿನ ಹೊದಿಕೆ. ಅಡಿಕೆ ತೋಟ ಮರಿಹುಳಕ್ಕೆ ಹೇಳಿ ಮಾಡಿಸಿದ ಜಾಗ. ಬರಿಗಾಲಿನ ಚರ್ಮ ಕೊರೆದು ಒಳಗೆ ಹೋಗಿ, ರಕ್ತದಲ್ಲಿ ಶ್ವಾಸಕೋಶ ಸೇರಿ, ಕೊನೆಗೆ ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಜಗತ್ತಿನಲ್ಲಿ ಸುಮಾರು 150 ಕೋಟಿ ಜನರಿಗೆ ಮಣ್ಣಿನಿಂದ ಬರುವ ಹುಳಗಳ ಕಾಟ ಇದೆ. ಶಾಲೆ, ಅಂಗನವಾಡಿಯಲ್ಲಿ 1ರಿಂದ 19 ವರ್ಷದವರಿಗೆ ಹುಳದ ಮಾತ್ರೆ ಆಲ್ಬೆಂಡಜೋಲ್ ಕೊಡುತ್ತಾರೆ. ತೋಟದಲ್ಲಿ ದುಡಿಯುವ ಅಮ್ಮಂದಿರನ್ನು ಯಾರೂ ಕೇಳುವುದಿಲ್ಲ, ಅದೇ ಬೇಜಾರು. ಅಮ್ಮನಿಗೆ ಹುಳದ ಮಾತ್ರೆಯ ಜೊತೆ ಕಬ್ಬಿಣದ ಮಾತ್ರೆಯನ್ನೂ ಡಾಕ್ಟರು ಹೇಳಿದಷ್ಟು ದಿನ ತಪ್ಪದೆ ಕೊಡಿ.

ಕಡಲತೀರ, ಅಂಕೋಲಾ
ನಮ್ಮ ಕಡೆ ಭಯ ಆನೆಕಾಲಿನದು. ಆ ಹುಳದ ಮರಿಗಳು ರಾತ್ರಿ ಹೊತ್ತೇ ರಕ್ತದಲ್ಲಿ ಓಡಾಡುತ್ತವೆ. ಅದಕ್ಕೇ ರಾತ್ರಿ ರಕ್ತ ಪರೀಕ್ಷೆ ಮಾಡುವುದು. ಪರೀಕ್ಷೆಗೆ ಆರೋಗ್ಯ ಇಲಾಖೆಯವರು ಬಂದರೆ ಬೇಡ ಅನ್ನಬೇಡಿ.

ತೋಟಿಗ, ಶಿರಸಿ
ಎಲ್ಲರಿಗೂ ಧನ್ಯವಾದ. ಹಳ್ಳ ಮುಟ್ಟುವುದಿಲ್ಲ. ಅಮ್ಮ ಸೊಪ್ಪು ತರಲು ಇವತ್ತೂ ಬರಿಗಾಲಲ್ಲೇ ಹೋಗಿದ್ದಾರೆ, ಚಪ್ಪಲಿ ಜಾರುತ್ತದೆ ಅಂತ. ಗಮ್‌ಬೂಟ್ ತರುತ್ತೇನೆ. ಇನ್ನೊಂದು ಕೇಳಬೇಕಿತ್ತು. ಅಡಿಕೆ ಕೊನೆ ಕೊಯ್ಲಿಗೆ ಬರುವವರಿಗೆ ನಮ್ಮ ತೋಟದ ಹತ್ತಿರ ಶೌಚಾಲಯವೇ ಇಲ್ಲ. ಹಳ್ಳದಿಂದ ಎಷ್ಟು ದೂರದಲ್ಲಿ ಗುಂಡಿ ತೆಗೆಸಬೇಕು?